ಸಾಲು ಕೇಳಿಸಿತಾ, ಶಾಲು ಕೇಳಿಸಿತಾ?

ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯ ನರಕ್ಕೆ ವಿದ್ಯುತ್ತಿನ ಮೂಲಕ ಸದ್ದು ಮುಟ್ಟಿಸುವ ಸಾಧನ) ಹಾಕಿಸಿಕೊಂಡ ಮೊದಲ ಆರು ತಿಂಗಳು, ಅದರ ಸದ್ದಿನ ಮಟ್ಟ ಹೊಂದಿಸುವ ಮ್ಯಾಪಿಂಗ್‌ಗೆ ಹೋದಾಗಲೆಲ್ಲ ನನ್ನದು ಒಂದೇ ಮಾತು: ಸರಿಯಾಗಿ ಕೇಳಿಸ್ತಿಲ್ಲ, ಇನ್ನೂ ಜೋರು ಮಾಡಿ. ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಜೋರು ಮಾಡುತ್ತಿದ್ದರು. ಮನೆಗೆ ಬಂದರೆ ಸ್ಟೀಲ್ ತಟ್ಟೆ ಸಿಂಕಿಗೆ ಬಿದ್ದ ಸದ್ದಿಗೆ ತಲೆ ಸಿಡಿಯುತ್ತಿತ್ತು, ಮಾತು ಮಾತ್ರ ಮೊದಲಿನಷ್ಟೇ ಮಸುಕು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ದಿನಾ ಬೆಳಿಗ್ಗೆ ಹೆಂಡತಿ ನನ್ನ ಹಿಂದೆ ನಿಂತು ಆ, ಊ, ಈ, ಮ್, ಶ್, ಸ್ ಅನ್ನುತ್ತಿದ್ದಳು, ಲಿಂಗ್ ಟೆಸ್ಟ್ ಅನ್ನುವುದು ಇದಕ್ಕೇ. ಅದಾದ ಮೇಲೆ ಜೋಡಿ ಪದಗಳು: ಸಾಲು-ಶಾಲು, ಮನೆ-ಮಣೆ, ಕೊಲೆ-ಕೊಳೆ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದೆ, ಊಹೆ ಮಾಡಲಿಲ್ಲ. ಎರಡು ವಾರದಲ್ಲಿ ಗೊತ್ತಾಯಿತು: ಊ, ಮ್ ಒಂದು ದಿನವೂ ತಪ್ಪಿಲ್ಲ, ಆದರೆ ಸ್ ಬಂದಲ್ಲೆಲ್ಲ ನಾನು ಶ್ ಬರೆದಿದ್ದೇನೆ.

ಆಡಿಯಾಲಜಿಸ್ಟ್ ಆ ಪುಟಗಳನ್ನು ನೋಡಿದ ತಕ್ಷಣ ಕೆಲಸದ ದಾರಿಯೇ ಬದಲಾಯಿತು. ನನ್ನ ಇಂಪ್ಲಾಂಟಿನಲ್ಲಿ 22 ಎಲೆಕ್ಟ್ರೋಡ್, ಅಂದರೆ ನರಕ್ಕೆ ವಿದ್ಯುತ್ ಮುಟ್ಟಿಸುವ ಬಿಂದುಗಳು, ಇವೆ. ಒಳಕಿವಿಯ ಶಂಖದ ಬುಡದ ಕಡೆಯವು ಕೀಚಲು ಸದ್ದಿಗೆ, ತುದಿಯ ಕಡೆಯವು ದಪ್ಪ ಸದ್ದಿಗೆ. ಸ್ ಅನ್ನುವುದು ಶ್‌ಗಿಂತ ಮೇಲಿನ ಸದ್ದು, ಅಂದರೆ ಬುಡಕ್ಕೆ ಇನ್ನೂ ಹತ್ತಿರ. ಪ್ರತಿ ಎಲೆಕ್ಟ್ರೋಡಿಗೂ ಎರಡು ಅಂಕೆ ಇರುತ್ತವೆ: ಸದ್ದು ಕೇಳಲು ಶುರುವಾಗುವ ಟಿ, ಜೋರಾದರೂ ಹಿತವಾಗಿರುವ ಸಿ. ಅಕ್ಕಪಕ್ಕದವನ್ನು ಒಂದಾದ ಮೇಲೊಂದು ಬೀಪ್ ಮಾಡಿಸಿ, ಯಾವುದು ಜೋರು ಅಂತ ಕೇಳುತ್ತಾ ಹೋದರು. ಬುಡದಿಂದ ಎಣಿಸಿದರೆ 7, 8 ಕಿರುಚುತ್ತಿದ್ದವು, 2, 3, 4 ಪಿಸುಗುಟ್ಟುತ್ತಿದ್ದವು. ಮೊದಲಿನವನ್ನು ಇಳಿಸಿದರು, ಇವನ್ನು ಸ್ವಲ್ಪ ಏರಿಸಿದರು. 1ನೆಯದರಲ್ಲಿ ಸದ್ದಿಗಿಂತ ಜಾಸ್ತಿ ಚುಚ್ಚಿದ ಹಾಗಾಗುತ್ತಿತ್ತು. ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿಯೇ ಇರಲಿಲ್ಲ! ಆ ಎಲೆಕ್ಟ್ರೋಡನ್ನು ಆಫ್ ಮಾಡಿ, ಅದರ ಪಾಲಿನ ಸದ್ದನ್ನು ಉಳಿದ 21ಕ್ಕೆ ಹಂಚಿದರು.

ಹಳೆಯ ಮ್ಯಾಪನ್ನು ಅಳಿಸಬೇಡಿ ಅಂತ ಕೇಳಿಕೊಂಡೆ. ಒಂದನೇ ಪ್ರೋಗ್ರಾಮಿನಲ್ಲಿ ಹಳೆಯದು, ಎರಡರಲ್ಲಿ ಹೊಸದು. ಮೊದಲ ವಾರ ಹೊಸದರಲ್ಲಿ ಎಲ್ಲರ ಮಾತೂ ಬುಸ್ ಬುಸ್ ಅನ್ನಿಸಿ ಸುಸ್ತಾದೆ, ಆದರೂ ಹಳೆಯದಕ್ಕೆ ಹೋಗಲಿಲ್ಲ, ಮಿದುಳಿಗೂ ಸಮಯ ಬೇಕಲ್ವಾ. ಮೂರನೇ ವಾರ ‘ಸಾಲು’ ಅನ್ನುವುದು ‘ಸಾಲು’ ಅಂತಲೇ ಕೇಳಿಸಿತು. ಅವತ್ತು ಹೆಂಡತಿಯ ಹತ್ತಿರ ಹತ್ತು ಸಲ ಹೇಳಿಸಿದೆ. ತಟ್ಟೆಯ ಸದ್ದೂ ಈಗ ಬರೀ ತಟ್ಟೆಯ ಸದ್ದು.

ಲ-ಳ ಇನ್ನೂ ಕಲಸಿಹೋಗುತ್ತವೆ. ಅದಕ್ಕೆ ಬೇರೆ ಪುಟ ತೆಗೆದಿದ್ದೇನೆ, ಮುಂದಿನ ತಿಂಗಳು ತೆಗೆದುಕೊಂಡು ಹೋಗುತ್ತೇನೆ.