ಯುವಿಯೈಟಿಸ್‌ಗೆ ಅಡಾಲಿಮುಮಾಬ್ ಬರೆದುಕೊಟ್ಟಿದ್ದಾರಾ? ಮೊದಲು ಟಿಬಿ ಟೆಸ್ಟ್ ಮಾಡಿಸಿ

ಯುವಿಯೈಟಿಸ್ ಅಂದರೆ ಕಣ್ಣಿನ ಒಳಗಿನ ಉರಿಯೂತ. ಮದ್ರಾಸ್ ಐ ಥರ ತಾನಾಗೇ ಹೋಗುವ ಕೆಂಪಲ್ಲ ಇದು. ಬೆಳಕಿಗೆ ಕಣ್ಣು ಬಿಡಲಾಗದಷ್ಟು ನೋವು, ನೋಟ ಮಂಜು, ಕಣ್ಣೆದುರು ತೇಲಾಡುವ ಕಪ್ಪು ಚುಕ್ಕೆ ಇದ್ದರೆ ಮೆಡಿಕಲ್ ಶಾಪ್ ಡ್ರಾಪ್ಸ್ ಹಾಕಿಕೊಂಡು ದಿನ ತಳ್ಳಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಸೋಂಕಿನಿಂದ ಬಂದಿದ್ದಲ್ಲ ಅಂತಾದರೆ ಮೊದಲು ಕೊಡುವುದು ಸ್ಟೀರಾಯ್ಡ್. ಅದನ್ನೇ ತಿಂಗಳುಗಟ್ಟಲೆ ಜಾಸ್ತಿ ಬಳಸಿದರೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಹಾಗಾಗಿ ಕೆಲವರಿಗೆ ಅಡಾಲಿಮುಮಾಬ್ ಚುಚ್ಚುಮದ್ದು ಬರೆಯುತ್ತಾರೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳೇ ಸೈಟೋಕೈನ್. ಅವುಗಳಲ್ಲೊಂದು ಟಿಎನ್‌ಎಫ್ ಆಲ್ಫಾ, ಕಣ್ಣಿನ ರಕ್ತನಾಳ ಸೋರುವಂತೆ ಮಾಡಿ ಇನ್ನಷ್ಟು ಕೋಶಗಳನ್ನು ಒಳಗೆ ಕರೆಸುತ್ತದೆ. ಈ ಔಷಧ ಅದನ್ನೇ ಹಿಡಿದು ಕಟ್ಟಿಹಾಕುತ್ತದೆ. ಕಣ್ಣಿನ ನಡುವಿನ ಮತ್ತು ಹಿಂಭಾಗದ ಯುವಿಯೈಟಿಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ನಮ್ಮ ದೇಶದಲ್ಲಿ ತುಂಬಾ ಜನರ ಮೈಯಲ್ಲಿ ಟಿಬಿ ಸದ್ದಿಲ್ಲದೆ ಮಲಗಿರುತ್ತದೆ, ಅದನ್ನು ಗಂಟು ಕಟ್ಟಿ ಹಿಡಿದಿಟ್ಟಿರುವುದರಲ್ಲಿ ಇದೇ ಟಿಎನ್‌ಎಫ್ ಕೈ ದೊಡ್ಡದು. ಪರೀಕ್ಷೆ ಮಾಡಿಸದೆ ಟಿಎನ್‌ಎಫ್ ಅನ್ನು ತಡೆದರೆ ಟಿಬಿ ಎದ್ದು ಕೂರಬಹುದು. ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಟಿಬಿ ಪರೀಕ್ಷೆ ಅಥವಾ ಇಗ್ರಾ ಎಂಬ ಟಿಬಿ ರಕ್ತ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ಬಿಡಲೇಬೇಡಿ. ಮಾಂಟೂ ಹಾಕಿಸಿಕೊಂಡರೆ 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು. ಅಲ್ಲಿ ಅಳೆಯುವುದು ಚರ್ಮದ ಕೆಂಪನ್ನಲ್ಲ, ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು. ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ಟಿಬಿ ಇದ್ದರೂ ಉಬ್ಬು ಏಳದೇ ಹೋಗಬಹುದು.

ದೊಡ್ಡವರಿಗೆ ಸಾಮಾನ್ಯವಾಗಿ ಮೊದಲು 80 ಮಿಲಿಗ್ರಾಂ, ಒಂದು ವಾರದ ನಂತರ 40, ಆಮೇಲೆ ಎರಡು ವಾರಕ್ಕೊಮ್ಮೆ 40. ಸಿರಿಂಜನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಜರ್ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ಚುಚ್ಚುವ ಅರ್ಧ ಗಂಟೆ ಮುಂಚೆ ಹೊರಗಿಟ್ಟರೆ ಉರಿ ಕಡಿಮೆ, ಬಿಸಿನೀರಲ್ಲಿ ಅದ್ದಬೇಡಿ. ತೊಡೆ ಅಥವಾ ಹೊಟ್ಟೆಗೆ ಚುಚ್ಚಿ, ಹೊಕ್ಕುಳಿಂದ 5 ಸೆಂಟಿಮೀಟರ್ ದೂರವಿರಲಿ, ಪ್ರತಿ ಸಲ ಜಾಗ ಬದಲಿಸಿ.

ಕೀಲುನೋವಿಗೆ ಎಟನರ್ಸೆಪ್ಟ್ ತಗೊಳ್ತಿದ್ದರೆ ಕಣ್ಣಿನ ಡಾಕ್ಟರಿಗೂ ತಿಳಿಸಿ. ಅದೂ ಟಿಎನ್‌ಎಫ್ ತಡೆಯುತ್ತದೆ ನಿಜ, ಆದರೆ ಯುವಿಯೈಟಿಸ್‌ಗೆ ಅಷ್ಟು ಕೆಲಸ ಮಾಡುವುದಿಲ್ಲ. ಜ್ವರ, ಬಿಡದ ಕೆಮ್ಮು, ತೂಕ ಇಳಿಯುವುದು ಶುರುವಾದರೆ ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.