ಕಬ್ಬಿಣ ಕತ್ತರಿಸುವ ಗ್ರೈಂಡರ್: ಸ್ವಿಚ್ ಹಾಕುವ ಮೊದಲು

ಗ್ರೈಂಡರ್ ಅಂದರೆ ದೋಸೆ ಹಿಟ್ಟಿನದ್ದಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರಿಸುತ್ತಾರಲ್ಲ, ಆ ನಾಲ್ಕು ಇಂಚಿನ ಆಂಗಲ್ ಗ್ರೈಂಡರ್. ಡ್ರಿಲ್ ಬಳಸಿ ರೂಢಿ ಇದೆ, ಇದೇನು ಮಹಾ ಅಂತ ನಾನೂ ಒಂದು ತಂದೆ. ಆದರೆ ಇದರ ವ್ಹೀಲ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ, ಅದರ ಅಂಚು ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ, ಅದೂ ನಿಮ್ಮ ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿ.

ಮೊದಲು ವ್ಹೀಲ್ ನೋಡಿ. ಒಂದು ಮಿ.ಮೀ. ದಪ್ಪದ್ದು ಕತ್ತರಿಸೋಕೆ, ಆರು ಮಿ.ಮೀ. ದಪ್ಪದ್ದು ಉಜ್ಜೋಕೆ. ತೆಳ್ಳಗಿನದನ್ನು ಅಡ್ಡ ಹಿಡಿದು ವೆಲ್ಡಿಂಗ್ ಗಂಟು ಉಜ್ಜಲು ಹೋದರೆ ಅದು ಚೂರಾಗಿ ಸಿಡಿಯಬಹುದು. ವ್ಹೀಲ್ ಮೇಲೆ ಬರೆದಿರುವ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು, ಮಷೀನಿನದಕ್ಕಿಂತ ಕಡಿಮೆ ಇರಬಾರದು. ನಡುವಿನ ಲೋಹದ ಬಳೆಯ ಮೇಲೆ ತಾರೀಕು ಇದ್ದರೆ ಅದನ್ನೂ ನೋಡಿ, ಮುಗಿದಿದ್ದರೆ ಬೇಡ. ಕೆಳಗೆ ಬಿದ್ದ ವ್ಹೀಲ್, ನೆನೆದ ವ್ಹೀಲ್ ಹೊರಗಿಂದ ಚೆನ್ನಾಗಿ ಕಂಡರೂ ಎಸೆಯಿರಿ. ಬದಲಾಯಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹೊಸದು ಹಾಕಿದ ಮೇಲೆ ಪಕ್ಕಕ್ಕೆ ಹಿಡಿದು ಅರ್ಧ ನಿಮಿಷ ಸುಮ್ನೆ ಓಡಿಸಿ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ.

ಗಾರ್ಡ್, ಅಂದರೆ ವ್ಹೀಲಿನ ಅರ್ಧ ಮುಚ್ಚುವ ಲೋಹದ ಕವಚದ ಬಗ್ಗೆ ಜಾಸ್ತಿ ಹೇಳಲ್ಲ: ಎಷ್ಟು ಅನುಭವಸ್ಥರು ಬಿಚ್ಚಿಟ್ಟು ಕೆಲಸ ಮಾಡಿದರೂ ನೀವು ಬಿಚ್ಚಬೇಡಿ.

ಪೆಟ್ಟು ಬೀಳುವುದು ಹೆಚ್ಚಾಗಿ ವ್ಹೀಲ್ ಸಿಕ್ಕಿಹಾಕಿಕೊಂಡಾಗ. ಎರಡು ಇಟ್ಟಿಗೆ ಮೇಲೆ ಪೈಪಿನ ಎರಡು ತುದಿ ಇಟ್ಟು ನಡುವೆ ಕತ್ತರಿಸುತ್ತೀರಿ ಅಂದುಕೊಳ್ಳಿ. ಮುಕ್ಕಾಲು ಭಾಗ ಕತ್ತರಿಸುವಷ್ಟರಲ್ಲಿ ಪೈಪ್ ನಡುವೆ ಜಗ್ಗಿ, ಕತ್ತರಿಸಿದ ಸಂದಿ ಬಾಯಿ ಮುಚ್ಚಿ ವ್ಹೀಲನ್ನು ಕಚ್ಚಿಕೊಳ್ಳುತ್ತದೆ, ಆಗ ಮಷೀನ್ ಕೈಯಿಂದ ಕಿತ್ತುಕೊಂಡು ನಿಮ್ಮ ಕಡೆಗೇ ನುಗ್ಗುತ್ತದೆ. ಹಾಗಾಗಿ ಪೈಪನ್ನು ಒಂದು ಕಡೆ ವೈಸಿನಲ್ಲೋ ಕ್ಲಾಂಪಿನಲ್ಲೋ ಬಿಗಿದು, ತುಂಡಾಗಿ ಬೀಳುವ ಕಡೆ ಖಾಲಿ ಬಿಡಿ. ಕಾಲಲ್ಲಿ ಅದುಮಿ ಹಿಡಿಯಬೇಡಿ. ಸೈಡ್ ಹ್ಯಾಂಡಲ್ ಹಾಕಿ ಎರಡೂ ಕೈಯಲ್ಲಿ ಹಿಡಿಯಿರಿ, ವ್ಹೀಲಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಇನ್ನು ಕರೆಂಟ್ ವಿಚಾರ. ಒಂದು ಸಲ ನೀರಿನ ಟ್ಯಾಂಕಿಗೆ ಸ್ಟ್ಯಾಂಡ್ ಮಾಡೋಣ ಅಂತ ಅಂಗಳದಲ್ಲಿ ಕಬ್ಬಿಣದ ಆಂಗಲ್ ಪಟ್ಟಿ ಕತ್ತರಿಸುತ್ತಿದ್ದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಮಷೀನನ್ನು ಹಾಗೇ ನೆಲಕ್ಕಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಇದರ ಸ್ವಿಚ್ ಮುಂದಕ್ಕೆ ತಳ್ಳಿದರೆ ಲಾಕ್ ಆಗಿ ಕೂರುತ್ತದೆ, ಅದು ನೆನಪಿಗೇ ಬರಲಿಲ್ಲ. ಕರೆಂಟ್ ಬಂತು ನೋಡಿ, ಮಷೀನ್ ಕಲ್ಲಿನ ಮೇಲೆ ಕುಣಿಯುತ್ತಾ, ವೈರ್ ಎಳೆದುಕೊಂಡು ಹೋಗಿ ತುಳಸಿ ಕಟ್ಟೆಗೆ ಗುದ್ದಿ ನಿಂತಿತು. ವ್ಹೀಲ್ ಮೂರು ಚೂರು. ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲೇ ಅಮ್ಮ ಹೂವು ಕೀಳುತ್ತಿದ್ದರು. ಕರೆಂಟ್ ಹೋದ ತಕ್ಷಣ ಮೊದಲು ಸ್ವಿಚ್ ಹಿಂದಕ್ಕೆ ಎಳೆಯಿರಿ, ಆಮೇಲೆ ಪ್ಲಗ್ ಕಿತ್ತು ಕಾಫಿಗೆ ಹೋಗಿ.

ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿ ಬಿಚ್ಚದೆ ಬಳಸಿದರೆ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿಡಿ. ಟೇಪ್ ಸುತ್ತಿದ ವೈರ್, ಒದ್ದೆ ನೆಲ ಎರಡೂ ಬೇಡ.

ಲುಂಗಿ, ದುಪಟ್ಟಾ, ಸಡಿಲ ತೋಳಿನ ಅಂಗಿ, ನೂಲಿನ ಗ್ಲೌಸ್ ಯಾವುದೂ ಬೇಡ. ಇವೆಲ್ಲ ವ್ಹೀಲಿಗೆ ಸುತ್ತಿಕೊಳ್ಳುತ್ತವೆ. ಕಿಡಿ ಹಾರುವ ದಿಕ್ಕಿನಲ್ಲಿ ಥಿನ್ನರ್ ಡಬ್ಬ, ಬೈಕು, ಒಣ ಹುಲ್ಲು ಇರಬಾರದು. ಕಿಟಕಿ ಗಾಜೂ ಇರಬಾರದು, ಬಿಸಿ ಕಣ ಗಾಜಿಗೆ ಅಂಟಿದರೆ ಉಜ್ಜಿದರೂ ಹೋಗಲ್ಲ.

ಓದುವ ಕನ್ನಡಕ ಸಾಲದು, ಕಣ ಪಕ್ಕದಿಂದ ನುಗ್ಗುತ್ತದೆ. ಪಕ್ಕವೂ ಮುಚ್ಚುವ ಗಾಗಲ್ಸ್ ಬೇಕು. ಇಷ್ಟಾದರೂ ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ. ಪಂಚೆ ತುದಿ, ಎದೆಹಾಲು, ಅಯಸ್ಕಾಂತ ಅಂತ ಯಾರು ಏನು ಹೇಳಿದರೂ ಬೇಡ. ಕಬ್ಬಿಣದ ಕಣ ಕಣ್ಣಿನೊಳಗೆ ತುಕ್ಕು ಬಿಡುತ್ತದೆ. ಬೆಳಿಗ್ಗೆ ನೋಡೋಣ ಅಂತ ಮಲಗದೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.