ಹೊಸ ಯಂತ್ರಗಳು ಹಿರಿಯರ ಕೈಗೆ ಒಗ್ಗುವಂತೆ ಮಾಡುವುದು ಹೇಗೆ

ತಿಪಟೂರಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಹಳೆಯ ಟಿ.ವಿ. ಕೆಟ್ಟಾಗ ನಾನು ಸ್ಮಾರ್ಟ್ ಟಿ.ವಿ. ತಂದಿಟ್ಟು, ಒಂದೇ ಭಾನುವಾರ ಎಲ್ಲವನ್ನೂ ಹೇಳಿಕೊಟ್ಟೆನೆಂದು ನೆಮ್ಮದಿಯಿಂದ ಬೆಂಗಳೂರಿನ ರೈಲು ಹತ್ತಿದೆ. ಬುಧವಾರ ಫೋನಿನಲ್ಲಿ ಅವರು, "ನಾನೇ ಏನೋ ಕೆಡಿಸಿಬಿಟ್ಟೆ ಕಣಪ್ಪ" ಎಂದರು. ಕೆಟ್ಟದ್ದು ಏನೂ ಇರಲಿಲ್ಲ. ಆನ್ ಗುಂಡಿಯ ಪಕ್ಕದಲ್ಲಿದ್ದ, ಚಿತ್ರ ಎಲ್ಲಿಂದ ಬರಬೇಕೆಂದು ಆರಿಸುವ ಸೋರ್ಸ್ ಗುಂಡಿಯ ಮೇಲೆ ಬೆರಳು ಬಿದ್ದು, ಟಿ.ವಿ.ಯು ಸೆಟ್‌ಟಾಪ್ ಬಾಕ್ಸಿನ ತಂತಿ ಜೋಡಿಸಿದ್ದ ಎಚ್‌ಡಿಎಂಐ ಕಿಂಡಿಯನ್ನು ಬಿಟ್ಟು ಬೇರೆಡೆಗೆ ಹೋಗಿತ್ತು, ಅಷ್ಟೆ. ಮೂರು ದಿನ ಅವರು ವಾರ್ತೆಯಿಲ್ಲದೆ, ತಪ್ಪು ತಮ್ಮದೆಂದು ಕೊರಗುತ್ತಾ ಕುಳಿತಿದ್ದರು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಯಂತ್ರವನ್ನು ಪೂರ್ತಿ ಕಲಿಸಲು ಹೋಗಬೇಡಿ. ಅವರು ದಿನವೂ ಮಾಡುವ ಎರಡು ಮೂರು ಕೆಲಸಗಳನ್ನು ಮಾತ್ರ, ಅವರ ಕೈಯಿಂದಲೇ ಮಾಡಿಸಿ. ರಿಮೋಟ್ ನಿಮ್ಮ ಕೈಗೆ ಬಂದ ಕ್ಷಣವೇ ಪಾಠ ನಿಂತುಹೋಗುತ್ತದೆ. ಟಿ.ವಿ. ರಿಮೋಟಿನ ಆನ್ ಗುಂಡಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟು, ಬೇಡದ ಗುಂಡಿಗಳ ಮೇಲೆ ದಪ್ಪ ಟೇಪು ಅಂಟಿಸಿ. ಚಾನೆಲ್ಲಿಗೂ ಶಬ್ದಕ್ಕೂ ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಒಂದೇ ಸಾಕಾಗುವಂತೆ ಹೊಂದಿಸಲು ಸಾಧ್ಯವಿದ್ದರೆ ಹೊಂದಿಸಿಕೊಡಿ. ಚಂದನ ವಾಹಿನಿಯ ಸಂಖ್ಯೆಯನ್ನೂ ಗುಂಡಿಗಳನ್ನು ಒತ್ತಬೇಕಾದ ಕ್ರಮವನ್ನೂ ಅವರ ಮಾತಿನಲ್ಲಿ, ಸಾಧ್ಯವಾದರೆ ಅವರ ಅಕ್ಷರದಲ್ಲೇ, ಚಾಳೀಸಿಲ್ಲದೆಯೂ ಕಾಣುವಷ್ಟು ದಪ್ಪಗೆ ಬರೆಸಿ ಗೋಡೆಗೆ ಅಂಟಿಸಿ.

ನಮ್ಮ ಕಡೆ ಕರೆಂಟು ಹೋಗಿಬರುವುದು ಹೊಸದಲ್ಲ. ಕರೆಂಟು ಬಂದ ಮೇಲೆ ಸೆಟ್‌ಟಾಪ್ ಬಾಕ್ಸ್ ಸಿದ್ಧವಾಗಲು ಕೆಲವು ನಿಮಿಷ ಹಿಡಿಯಬಹುದು. ಅಷ್ಟರೊಳಗೆ ಗಾಬರಿಯಿಂದ ಹತ್ತು ಗುಂಡಿ ಒತ್ತಿದರೆ ಗೊಂದಲ ಹೆಚ್ಚುತ್ತದೆ. "ಐದು ನಿಮಿಷ ಕಾಯುವುದು" ಎಂಬುದು ಆ ಹಾಳೆಯ ಮೊದಲ ಸಾಲಾಗಿರಲಿ. ರಿಮೋಟ್ ಕೆಲಸ ಮಾಡುತ್ತಿಲ್ಲವೆಂಬ ಅನುಮಾನವಿದ್ದರೆ, ಅದರ ತುದಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿಸಿ ನೋಡಿ: ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪರದೆಯಲ್ಲಿ ಸಣ್ಣ ಮಿಂಚಿನಂತೆ ಕಂಡರೆ ಸೆಲ್ಲು ಸರಿಯಿದೆ ಎಂದರ್ಥ. ಕೆಲವು ಮೊಬೈಲುಗಳಲ್ಲಿ ಇದು ಮುಂದಿನ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತದೆ. ಬ್ಲೂಟೂತ್ ರಿಮೋಟುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಇಂಡಕ್ಷನ್ ಒಲೆಯ ತೊಡಕು ಬೇರೆ. ಹಳೆಯ ಸ್ವಿಚ್ಚುಗಳಿಗೆ ಒಗ್ಗಿದವರು ಉಗುರಿನ ತುದಿಯಿಂದ ಬಲವಾಗಿ ಒತ್ತುತ್ತಾರೆ, ಆದರೆ ಟಚ್ ಫಲಕಕ್ಕೆ ಉಗುರು ತಿಳಿಯುವುದಿಲ್ಲ. ಬೆರಳಿನ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿ ಇಟ್ಟು ಒಂದು ಕ್ಷಣ ನಿಲ್ಲಿಸಬೇಕು. ಅಮ್ಮನ ಬೆರಳನ್ನು ಹಿಡಿದು ನಾಲ್ಕು ಸಲ ಇಡಿಸಿದ ಮೇಲೆಯೇ ನನಗೂ ಇದು ಹೊಳೆದದ್ದು. ಅಲ್ಯೂಮಿನಿಯಂ ಪಾತ್ರೆ ಸಾಮಾನ್ಯವಾಗಿ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಗಳನ್ನು ಆರಿಸಿ ಒಲೆಯ ಪಕ್ಕದಲ್ಲೇ ಜೋಡಿಸಿಡಿ.

ರಿಪೇರಿಯವರ ಸಂಖ್ಯೆಯನ್ನು ಗ್ಯಾರಂಟಿ ಕಾರ್ಡಿನಿಂದ ನೋಡಿ ನೀವೇ ಬರೆದಿಡಿ, ಏಕೆಂದರೆ ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಒಟಿಪಿ ಕೇಳಿದವರ ಕರೆಯನ್ನು ಅಲ್ಲಿಗೇ ಕತ್ತರಿಸಬೇಕೆಂದೂ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದೂ ಅದೇ ಹಾಳೆಯಲ್ಲಿ ಬರೆಸಿ. ಕರೆಂಟಿನ ದೂರಿಗೆ ಬೆಸ್ಕಾಂನ 1912 ಅದರ ಕೆಳಗಿರಲಿ.